ಸಂದೇಶಕ್ಕೊಂದು ತಾರೀಖು
ಮುಂಬೈಯ ದಹಿಸರ್‌ನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಹಬ್ಬದ ಶುಭಾಶಯಗಳ ನಡುವೆ ಒಮ್ಮೊಮ್ಮೆ ಒಂದು ಸಾಲು ಬರುತ್ತದೆ: ‘ಓ ನೆಗೆಟಿವ್ ರಕ್ತ ತುರ್ತಾಗಿ ಬೇಕು’. ಎದೆ ಧಸಕ್ಕೆನ್ನುತ್ತದೆ, ಕೂಡಲೇ ಹತ್ತು ಕಡೆ ಕಳಿಸುತ್ತೇವೆ. ಆದರೆ ಅದು ಇವತ್ತಿನದೋ, ಹೋದ ವರ್ಷದ್ದೋ? ತಾರೀಖೇ ಇರುವುದಿಲ್ಲ. ಹೋಟೆಲ್ ಕೆಲಸಕ್ಕೆ ರಜೆ ಹಾಕಿ, ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ನಿಂತು ರಕ್ತ ಕೊಡಲು ಆಸ್ಪತ್ರೆಗೆ ಹೋದ ಹುಡುಗನಿಗೆ ಅಲ್ಲಿ ‘ಯಾವತ್ತೋ ಸಿಕ್ಕಿತಲ್ಲ’ ಎಂದರೆ, ಮುಂದಿನ ಸಲ ಅವನು ಹೊರಡುವನೇ? ಆ ಹುಡುಗನ ನಂಬಿಕೆಯೂ ದೊಡ್ಡ ಆಸ್ತಿ ಕೇಳುಗರೇ.

ದಾನವಾಗಿ ಪಡೆದ ರಕ್ತದ ಪ್ಲೇಟ್‌ಲೆಟ್ ಕೆಡದೆ ಉಳಿಯುವುದೇ ಸುಮಾರು 5 ದಿನ; ಹಾಗಾಗಿ ಬೇಡದ ಹೊತ್ತಿನಲ್ಲಿ ಕೊಟ್ಟದ್ದು ವ್ಯರ್ಥವಾಗಬಹುದು. ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿ ಹತ್ತಿರದ ರಕ್ತನಿಧಿಗಳ ದಾಸ್ತಾನಿನ ಮಾಹಿತಿ ಸಿಗುತ್ತದೆ, ರಕ್ತ ಬೇಕಾದಾಗ ಮೊದಲು ಅಲ್ಲಿ ನೋಡಿ. ಸಂದೇಶದಲ್ಲಿ ದಿನಾಂಕ, ಆಸ್ಪತ್ರೆಯ ಹೆಸರು ಇರಲಿ. ರಕ್ತ ಸಿಕ್ಕಿದ ಕೂಡಲೇ ಅದೇ ಗುಂಪಿನಲ್ಲಿ ‘ಸಿಕ್ಕಿತು, ಇನ್ನು ಕಳಿಸಬೇಡಿ’ ಎಂದು ಬರೆಯಿರಿ.