ಹದಿನೈದನೇ ಪುಟದಲ್ಲಿ ಶುರುವಾದ ಕಾದಂಬರಿ

ನಾನು ಇರೋದು ಸಾನಪಾಡಾದಲ್ಲಿ, ಕೆಲಸ ಐರೋಲಿಯಲ್ಲಿ. ಐದು ವರ್ಷದಿಂದ ಬೆಳಗಿನ ಹೊತ್ತು ಒಂದು ಕಾದಂಬರಿ ಬರೀತಿದ್ದೆ. ಇವತ್ತು ಅದರ ಮೊದಲ 14 ಪುಟಗಳ ಬಗ್ಗೆ ಮಾತ್ರ ಮಾತಾಡ್ತೀನಿ.

ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರಿಗೇ ಕಳಿಸುತ್ತೇವೆ. ಅನುವಾದವಾಗಿ ಹೊರಗೆ ಹೋಗಬೇಕು ಅಂದ್ರೆ ಹೆಚ್ಚಾಗಿ ಲಿಟರರಿ ಏಜೆಂಟ್ ಬೇಕು. ಅವರು ಮೊದಲು ಕೇಳೋದು ಸಾರಾಂಶ ಮತ್ತು ಆರಂಭದ ಕೆಲವು ಅಧ್ಯಾಯ. ಮುಂದೆ ಓದಬೇಕೋ ಬೇಡವೋ ಅನ್ನೋದು ಅಲ್ಲೇ ತೀರ್ಮಾನ. ಅನುವಾದಕ್ಕೆ ಕೊಡೋ ಮೊದಲು ಹೆಂಡತಿಗೆ ಓದಲು ಕೊಟ್ಟೆ.

ನನ್ನ ಆರಂಭ ಹೀಗಿತ್ತು: ಅಲಾರಾಂ, ಚಹಾ, ಮಳೆ, ಲೋಕಲ್ ರೈಲು. ತುರ್ಭೆ, ಕೋಪರಖೈರಣೆ, ಘನ್ಸೋಲಿ. ಕಿಟಕಿ ಪಕ್ಕ ಕೂತು ಶಿರಸಿಯ ಬಾಲ್ಯದ ನೆನಪು. ಅವಳು ಓದಿ, “ಇವನು ರೈಲಿಂದ ಯಾವಾಗ ಇಳೀತಾನೆ?” ಅಂದಳು.

ಕಥೆ ನಿಜವಾಗಿ ಶುರುವಾಗೋದು 15ನೇ ಪುಟದಲ್ಲಿ. ರಿಲೀಸ್ ಇರೋ ರಾತ್ರಿ ಅಪ್ಪನ ಫೋನ್ ಬರುತ್ತೆ, ಅವನು ಎತ್ತೋದಿಲ್ಲ. ಬೆಳಗ್ಗೆ ಅಪ್ಪ ಇಲ್ಲ. ಅದು ನನ್ನದೇ ಕಥೆ. ಆ ಫೋನಿನ ತನಕ ಹೋಗೋಕೆ ಭಯವಾಗಿ 14 ಪುಟ ಸುತ್ತಾಡಿದ್ದೆ.

ಮೊದಲ ಸಾಲಲ್ಲೇ ಸಾವು ತರಬೇಕು ಅಂತಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದು ನೋಡಿ. ಶ್ರೀನಾಥ್ ಪೇರೂರ್ ಅನುವಾದದಲ್ಲಿ ಹೊರದೇಶಗಳಿಗೂ ಹೋದ ಪುಸ್ತಕ. ಅದು ಶುರುವಾಗೋದು ಕಾಫಿ ಹೌಸಿನಲ್ಲಿ, ವಿನ್ಸೆಂಟ್ ಅನ್ನೋ ವೇಟರ್ ಜೊತೆ. ಗದ್ದಲವೇ ಇಲ್ಲ. ಆದರೂ ಅಲ್ಲಿ ಕೂತವನ ಮನಸ್ಸಲ್ಲಿ ಹೇಳಿಕೊಳ್ಳಲಾಗದ್ದು ಏನೋ ಇದೆ ಅಂತ ನಮಗೆ ಬೇಗ ತಿಳಿಯುತ್ತೆ.

ನಾನು ಮಾಡಿದ್ದು ಇಷ್ಟು. ಗಿಟ್‌ನಲ್ಲಿ ಹೊಸ ಬ್ರಾಂಚ್ ಮಾಡಿದೆ, ಹಳೇದು ಕಳೆದುಹೋಗೋ ಭಯ ಹೋಯ್ತು. ಆ 14 ಪುಟದಲ್ಲಿ ಓದುಗರಿಗೆ ಬೇಕೇ ಬೇಕಾದ ವಾಕ್ಯಗಳಿಗೆ ಗೆರೆ ಎಳೆದೆ. ಸಿಕ್ಕಿದ್ದು ಹನ್ನೊಂದು. ಅವನ್ನ ಮುಂದೆ ಅಗತ್ಯ ಬಿದ್ದ ಕಡೆ ಸೇರಿಸಿದೆ. ಹೊಸ ಆರಂಭವನ್ನ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ, ರೈಲಲ್ಲಿ ಕೇಳಿದೆ. ಎಲ್ಲಿ ನನ್ನ ಕಿವಿ “ಪುಢೀಲ ಸ್ಟೇಷನ್” ಕಡೆ ಹೋಯ್ತೋ, ಅಲ್ಲಿ ಕತ್ತರಿ.

ಈಗಿನ ಮೊದಲ ವಾಕ್ಯ: ಫೋನ್ ಮೂರನೇ ಸಲ ಅಲುಗಿದಾಗ ಅವನು ಅದನ್ನು ಮಗುಚಿಟ್ಟ.

ಅದನ್ನ ಅಮ್ಮನಿಗೆ ಫೋನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ತೋಟಕ್ಕೆ ಮದ್ದು ಹೊಡೆಯೋಕೆ ಜನ ಸಿಕ್ಕಿದ್ರು ಅಂತ ಹೇಳೋಕೆ ಮಾಡಿದ್ರು ಮಾರಾಯ. ಅಷ್ಟೇ” ಅಂದರು. ಐದು ವರ್ಷದಲ್ಲಿ ನಾನು ಅವರನ್ನ ಅದೊಂದು ಕೇಳಿರಲಿಲ್ಲ.

ಏಜೆಂಟ್‌ಗೆ ಇನ್ನೂ ಕಳಿಸಿಲ್ಲ. ಎರಡನೇ ಅಧ್ಯಾಯ ತಿದ್ದೋದು ಬಾಕಿ ಇದೆ. ನಿಮ್ಮ ಹಸ್ತಪ್ರತಿ ಇದ್ದರೆ ಇವತ್ತು ರಾತ್ರಿ 15ನೇ ಪುಟ ತೆಗೆದು ನೋಡಿ.