ತಾಯಿ ಮಗಳು ಆಡಬೇಕಾದ ಮಾತು
(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಮಹಿಳಾ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಹಿರಿಯರು ಸೊಗಸಾಗಿ ವಿವರಿಸಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ: ಯುವತಿಯರ ಸ್ತನಗಳಲ್ಲಿ ಕಾಣುವ ನೋವು ಮತ್ತು ಗಂಟುಗಳು. ದೇವಾಲಯದ ಆವರಣದಲ್ಲಿ ಈ ಮಾತೇ ಎಂದು ಸಂಕೋಚಪಡುವವರು ಸಂತ ಅಗಾಥಮ್ಮನವರನ್ನು ನೆನೆಯಲಿ. ಸಿಸಿಲಿ ದ್ವೀಪದ ಈ ಕನ್ಯೆ ಮೂರನೆಯ ಶತಮಾನದಲ್ಲಿ ಸ್ತನಚ್ಛೇದನದ ಹಿಂಸೆಯನ್ನು ಸಹಿಸಿ ರಕ್ತಸಾಕ್ಷಿಯಾದರೆಂದು ಪರಂಪರೆ ಹೇಳುತ್ತದೆ. ಫೆಬ್ರವರಿ 5ರಂದು ಅವರ ಹಬ್ಬ. ಸ್ತನರೋಗದಿಂದ ನರಳುವವರು ಅವರ ಬಿನ್ನಹವನ್ನು ಕೋರುತ್ತಾರೆ. ಧರ್ಮಸಭೆ ನಾಚದೆ ಉಚ್ಚರಿಸುವ ಮಾತನ್ನು ಮನೆಯಲ್ಲಿ ತಾಯಿ ಮಗಳು ಆಡಲು ನಾಚಬೇಕಾಗಿಲ್ಲ.

ಮೊದಲು ನೋವಿನ ವಿಚಾರ. ಮುಟ್ಟಿಗೆ ಒಂದೆರಡು ವಾರ ಮುಂಚೆ ಎರಡೂ ಸ್ತನಗಳು ಭಾರವಾಗಿ, ಬಿಗಿದು ನೋಯುವುದುಂಟು. ಮುಟ್ಟು ಬಂದ ಮೇಲೆ ಅದು ತಗ್ಗುತ್ತದೆ. ಹಾರ್ಮೋನುಗಳ ಏರಿಳಿತವೇ ಇದಕ್ಕೆ ಕಾರಣ. ಗಂಟಿಲ್ಲದೆ ಬರಿಯ ನೋವಿದ್ದರೆ ಅದು ಕ್ಯಾನ್ಸರ್ ಆಗಿರುವುದು ಬಹು ಅಪರೂಪ. ಸರಿಯಾದ ಅಳತೆಯ ಒಳ ಉಡುಪಿನಿಂದಲೇ ಎಷ್ಟೋ ಮಂದಿಗೆ ಉಪಶಮನ ದೊರೆಯುತ್ತದೆ. ನೋವು ಬಂದ ದಿನಗಳನ್ನು ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟರೆ ಕಾರಣ ತಾನೇ ತಿಳಿಯುತ್ತದೆ. ಒಂದೇ ಜಾಗದಲ್ಲಿ ಬಿಡದೆ ನೋಯುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಹಾಲೂಡಿಸುವ ತಾಯಿಯ ಸ್ತನ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ತಡಮಾಡದೆ ಚಿಕಿತ್ಸೆ ಪಡೆಯಬೇಕು; ಸಾಮಾನ್ಯವಾಗಿ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಇನ್ನು ಗಂಟು. ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಫೈಬ್ರೊಅಡಿನೋಮಾ ಎಂಬ ಗಂಟು. ಅದು ನುಣುಪಾಗಿದ್ದು, ರಬ್ಬರಿನಂತೆ ಗಟ್ಟಿಯಾಗಿ, ಬೆರಳಿಟ್ಟರೆ ಜಾರಿಕೊಳ್ಳುತ್ತದೆ. ಅದು ಕ್ಯಾನ್ಸರ್ ಅಲ್ಲ. ಕೆಲವು ತಾವಾಗಿಯೇ ಕುಗ್ಗುತ್ತವೆ. ಎಲ್ಲಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ಇದು ಅದೇ ಗಂಟೆಂದು ನಿರ್ಣಯಿಸುವವರು ನಾವಲ್ಲ, ನೆರೆಮನೆಯ ಹಿರಿಯಕ್ಕನೂ ಅಲ್ಲ, ವೈದ್ಯರು. ಅವರು ಕೈಯಿಂದ ಪರೀಕ್ಷಿಸಿ, ಅಲ್ಟ್ರಾಸೌಂಡ್ ಮಾಡಿಸಿ, ಅಗತ್ಯವಿದ್ದರೆ ಸೂಜಿಯಿಂದ ಚೂರು ಅಂಗಾಂಶವನ್ನು ತೆಗೆದು ನೋಡುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬುದು ತಪ್ಪು ನಂಬಿಕೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ನೋವು ನಮ್ಮನ್ನು ಹೆದರಿಸುತ್ತದೆ, ಆದರೆ ಬಹುಪಾಲು ನಿರಪಾಯಕರ. ಕ್ಯಾನ್ಸರಿನ ಗಂಟೋ, ಮೊದಮೊದಲು ಸಾಮಾನ್ಯವಾಗಿ ನೋಯುವುದೇ ಇಲ್ಲ. "ನೋವಿಲ್ಲವಲ್ಲ, ಇರಲಿ ಬಿಡು" ಎಂಬ ಮಾತೇ ಅಪಾಯದ ಮಾತು. ಗಟ್ಟಿಯಾಗಿ, ಅಂಕುಡೊಂಕಾಗಿ, ಅಲುಗದೆ ಕೂತ ಗಂಟು, ಗುಳಿಬಿದ್ದ ಚರ್ಮ, ಹೊಸದಾಗಿ ಒಳಸರಿದ ತೊಟ್ಟು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗೆಡ್ಡೆ – ಇವುಗಳಲ್ಲಿ ಯಾವುದು ಕಂಡರೂ ವಯಸ್ಸು ಚಿಕ್ಕದೆಂದು ಕಾಯಬಾರದು. ಗರ್ಭಿಣಿಯ ಅಥವಾ ಬಾಣಂತಿಯ ಗಂಟನ್ನು ಹಾಲುಗಂಟೆಂದು ತಳ್ಳಿಹಾಕಬಾರದು.

ಹಾಗಿದ್ದರೂ ನಮ್ಮ ಹೆಣ್ಣುಮಕ್ಕಳು ಏಕೆ ಮುಚ್ಚಿಡುತ್ತಾರೆ? ಮದುವೆಯ ಸಂಬಂಧ ತಪ್ಪೀತೆಂಬ ಭಯ, ಪುರುಷ ವೈದ್ಯರ ಮುಂದೆ ನಾಚಿಕೆ. ಈ ನಾಚಿಕೆ ಹೊಸದಲ್ಲ. ಪುರುಷ ವೈದ್ಯರ ಬಳಿಗೆ ಹೋಗಲೊಲ್ಲದೆ ಭಾರತದ ಸ್ತ್ರೀಯರು ಸಾಯುತ್ತಿರುವರೆಂದು ಓದಿ, ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೋರಿಯವರು 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾಗಿ ದುಡಿದರು. 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಿಧನರಾದರು. ಇಂದು ವೈದ್ಯೆಯರಿಗೆ ಕೊರತೆಯಿಲ್ಲ. ವೈದ್ಯೆಯೇ ನೋಡಲೆಂದು ಕೇಳಿಕೊಳ್ಳಿರಿ. ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯಿರಿ.

ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಮುಂಚಿನ ನವೇನದ ದಿನಗಳಲ್ಲಿ ನಾವೆಲ್ಲ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಗೆ ಹರಕೆ ಹೊತ್ತು ಹೋಗುತ್ತೇವೆ. ಅದೇ ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆಯೂ ಇದೆ. ರೋಗ ಬಂದಾಗ ದೇವರಲ್ಲಿ ಮೊರೆಯಿಡು, ವೈದ್ಯನಿಗೂ ಎಡೆಗೊಡು, ಅವನನ್ನೂ ಸೃಷ್ಟಿಸಿದವರು ದೇವರೇ ಎಂಬುದು ಸಿರಾಖನ ಗ್ರಂಥದ 38ನೆಯ ಅಧ್ಯಾಯದ ಬೋಧನೆ. ಆದ್ದರಿಂದ ಹರಕೆಯೂ ಇರಲಿ, ಪರೀಕ್ಷೆಯೂ ನಡೆಯಲಿ.

ತಾಯಂದಿರೇ, ಇಂದು ರಾತ್ರಿ ಜಪಸರ ಮುಗಿದ ಮೇಲೆ ಮಗಳನ್ನು ಬಳಿಗೆ ಕರೆದು ಒಂದು ಮಾತು ಕೇಳಿರಿ. ಅವಳು ಹೇಳಿದರೆ ಗದರಿಸಬೇಡಿರಿ. ಮಾತೆ ಮರಿಯಮ್ಮನವರು ನಮ್ಮ ಹೆಣ್ಣುಮಕ್ಕಳೆಲ್ಲರನ್ನೂ ಕಾಪಾಡಲಿ.