ಪೇಪರ್ ಬರದಿದ್ದ ದಿನ ಯಾರೂ ಕೇಳಲಿಲ್ಲ

ವಾಡಿ ಜಂಕ್ಷನ್‌ನಲ್ಲಿ ಟ್ರೇನ್ ಕಾಯ್ತಾ ಕೇಳ್ತಿರೋರು, ಸೇಡಂ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತು ಕೇಳ್ತಿರೋರು, ಇಯರ್‌ಫೋನ್ ಹಾಕ್ಕೊಂಡು ಚಿಂಚೋಳಿ ಕಡೆ ಹೊಲದಾಗ ಕೆಲಸ ಮಾಡ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ಮಾತು ನಮ್ಮ ಲೋಕಲ್ ಪೇಪರ್ ಬಗ್ಗೆ. ಬೆಳಗ್ಗೆ ಚಹಾದ ಅಂಗಡಿಯಲ್ಲಿ ಬಿದ್ದಿರ್ತದಲ್ಲ, ಭಜಿ ಕಟ್ಟಿಕೊಡೋಕೆ ಹರಿಯೋ ಮುಂಚೆ ನಾಲ್ಕು ಮಂದಿ ತಿರುವಿ ಹಾಕ್ತಾರಲ್ಲ, ಅದೇ ಪೇಪರ್.

ಹೋದ ತಿಂಗಳು ನಾನು ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳಿದೆ. ಲೋಕಲ್ ಪೇಪರ್ ಓದ್ತೀರೇನ್ರಿ? ಶಹಾಬಾದ್‌ನ ಕಟಿಂಗ್ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ನಕ್ಕು ಹೇಳಿದರು, "ಮುಂದಿನ ಪುಟದಾಗ ಹುಟ್ಟುಹಬ್ಬದ ಶುಭಾಶಯ, ಹಿಂದಿನ ಪುಟದಾಗ ಶ್ರದ್ಧಾಂಜಲಿ. ನಡುವ ಬದುಕಿದವರ ಸುದ್ದಿ ಎಲ್ಲದ ತಮ್ಮಾ?" ಚಿತ್ತಾಪುರದಲ್ಲಿ ನನ್ನ ವಯಸ್ಸಿನ ಹುಡುಗ, "ಅದ್ರಾಗ ಬರೋದು ಎರಡು ದಿನ ಮೊದಲೇ ವಾಟ್ಸಾಪ್‌ನಾಗ ಬಂದಿರ್ತದ" ಅಂದ. ಚಿಂಚೋಳಿಯ ರೈತರೊಬ್ಬರ ಮಾತು ಚುಚ್ಚಿತು. ಅವರ ತೊಗರಿಗೆ ನೆಟೆ ರೋಗ ಬಿದ್ದು ಹೊಲ ಒಣಗಿತ್ತು. "ನಮ್ಮ ಹೊಲ ಒಣಗಿದ ಮ್ಯಾಲ ಸುದ್ದಿ ಬಂತು. ಅದೂ ಅಧಿಕಾರಿ ಭೇಟಿ ಕೊಟ್ಟ ಫೋಟೋ" ಅಂದರು.

ಈ ದೂರುಗಳೆಲ್ಲ ಖರೇ. ಆದರೆ ನನಗೆ ಇದರ ಇನ್ನೊಂದು ಮಗ್ಗುಲೂ ಗೊತ್ತು. ಅದನ್ನ ಹೇಳೋಕೇ ಈ ಸಂಚಿಕೆ.

ನಮ್ಮಪ್ಪ ವಾಡಿಯಲ್ಲಿ ಪೇಪರ್ ಏಜೆಂಟ್. ನಸುಕಿನಲ್ಲಿ ಕಲಬುರಗಿಯಿಂದ ಬಂಡಲ್ ಬರ್ತಿತ್ತು, ನಾನು ಎಣಿಸಿ ಜೋಡಿಸ್ತಿದ್ದೆ. 2019ರಲ್ಲಿ ಬಿ.ಕಾಂ ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸವೂ ಒಂದು ಸಣ್ಣ ದಿನಪತ್ರಿಕೆಯ ಅಕೌಂಟ್ಸ್ ವಿಭಾಗದಲ್ಲೇ. ಪತ್ರಿಕೆಯ ಹೆಸರು ಹೇಳಲ್ಲ. ಅದರ ಕಥೆ ಬಹಳ ಪತ್ರಿಕೆಗಳ ಕಥೆ.

ಸೇರಿದ ಮೂರನೇ ತಿಂಗಳಿಗೆ ಪಗಾರ ನಿಂತಿತು. ದೀಪಾವಳಿಗೆ ವಾರ ಇರುವಾಗ ಬಾಕಿ ಮೂರು ತಿಂಗಳಿನದಾಗಿತ್ತು. ಒಂದು ಸಂಜೆ ಪ್ರಿಂಟಿಂಗ್‌ನವರು ಮಷಿನ್ ಚಾಲೂ ಮಾಡಲಿಲ್ಲ. ಪೇಜ್ ಮಾಡೋ ಹುಡುಗಿಯರು ಕಂಪ್ಯೂಟರ್ ಬಂದ್ ಮಾಡಿ ಹೊರಗೆ ಬಂದರು, ಉಪಸಂಪಾದಕರೂ ಅವರ ಜೊತೆ ಬಂದು ಗೇಟಿನ ಮುಂದೆ ಕೂತರು. ಮಾಲೀಕರು ಬಂದು ಹೇಳಿದ್ದು ಒಂದೇ ಮಾತು, "ಪತ್ರಿಕೆ ಅಂದ್ರ ಸೇವೆ ಇದ್ದಂಗ. ಸೇವೆ ಮಾಡೋರು ಹಿಂಗ ಕೂಡ್ತಾರೇನು?"

ಎರಡು ದಿನ ಪೇಪರ್ ಬರಲಿಲ್ಲ. ಫೋನ್ ಹತ್ತಿರ ನನ್ನನ್ನ ಕೂಡಿಸಿದ್ದರು, ಓದುಗರು ಕೇಳಿದರೆ ಏನಾದರೂ ಹೇಳು ಅಂತ. ನನ್ನ ಎದೆ ಡವಡವ. ಸಾವಿರಾರು ಮನೆಗೆ ಪೇಪರ್ ಹೋಗಿಲ್ಲ, ಎಷ್ಟು ಮಂದಿ ಬೈತಾರೋ ಅಂತ. ಎರಡು ದಿನದಲ್ಲಿ ಬಂದ ಕಾಲ್ ಹನ್ನೊಂದು. ಒಂಬತ್ತು ಜನ ಜಾಹೀರಾತು ಕೊಟ್ಟವರು, ದೀಪಾವಳಿ ಶುಭಾಶಯ ಹಬ್ಬದೊಳಗೆ ಬರ್ತದೋ ಇಲ್ಲೋ ಅಂತ ಕೇಳೋಕೆ. ಒಬ್ಬರಿಗೆ ರಾಶಿಭವಿಷ್ಯ ಬೇಕಿತ್ತು. ಹನ್ನೊಂದನೆಯವರು ಸೇಡಂನ ನಿವೃತ್ತ ಮಾಸ್ತರರು. "ಪೇಪರ್ ಬಂದಿಲ್ಲ ಅಂತ ದೂರು ಕೊಡಾಕ ಮಾಡಿಲ್ಲಪ್ಪ. ಬರಲಿಲ್ಲ ಅಂತ ನನಗ ಎರಡನೇ ದಿನ ಗೊತ್ತಾತು. ಅದನ್ನ ನಿಮಗ ಹೇಳಬೇಕನಿಸ್ತು" ಅಂದು ಇಟ್ಟರು.

ಆ ಮುಷ್ಕರ ಅಲ್ಲೇ ಸೋತಿತ್ತು. ನಾವು ಸಿಮೆಂಟಿನ ಊರಿನವರು. ಫ್ಯಾಕ್ಟರಿ ನಿಂತರೆ ಏನಾಗ್ತದೆ ಅಂತ ಗೊತ್ತು. ಕಿಲ್ನ್ ಆರಿದರೆ ಗಂಟೆಗೆ ಗಂಟೆಗೆ ನಷ್ಟ, ಲಾರಿ ಸಾಲು ನಿಲ್ತದೆ, ಆಡಳಿತದವರೇ ಮಾತಿಗೆ ಕರೀತಾರೆ. ಪೇಪರ್‌ನವರ ಹತ್ತಿರ ಇರೋ ಬಲ ಒಂದೇ: ಬೆಳಗ್ಗೆ ಓದುಗ "ಯಾಕ ಬಂದಿಲ್ಲ?" ಅಂತ ಕೇಳೋದು. ನಮ್ಮ ಓದುಗ ಕೇಳಲಿಲ್ಲ. ಅವನು ಆಗಲೇ ಬೇಸತ್ತಿದ್ದ. ಮೂರನೇ ದಿನ ಒಂದು ತಿಂಗಳ ಪಗಾರ ಕೊಟ್ಟರು, ಎಲ್ಲರೂ ಒಳಗೆ ಹೋದರು.

ಆ ವಾರ ಚಿಂಚೋಳಿಯಿಂದ ವರದಿಗಾರ ಕಾಕಾ ಬಂದರು. ಹದಿನೈದು ವರ್ಷದಿಂದ ಆ ಪತ್ರಿಕೆಗೆ ಸುದ್ದಿ ಕಳಿಸಿದವರು. ಮುಷ್ಕರದ ಎರಡು ದಿನ ತಾವೂ ಸುದ್ದಿ ಕಳಿಸದೆ ಜೊತೆಗೆ ನಿಂತಿದ್ದರು. "ತಮ್ಮಾ, ಎಲ್ಲರಿಗೂ ಒಂದು ತಿಂಗಳದ್ದು ಕೊಟ್ಟಾರಂತ. ನಂದು ನೋಡಪ್ಪ" ಅಂದರು. ನಾನು ಪಗಾರದ ಪಟ್ಟಿ ತೆಗೆದೆ. ಅವರ ಹೆಸರಿಲ್ಲ. ಟ್ಯಾಲಿಯಲ್ಲಿ ಹುಡುಕಿದರೆ ಸಿಕ್ಕಿದ್ದು ಜಾಹೀರಾತು ಕಮಿಷನ್ ಖಾತೆಯಲ್ಲಿ. ಸ್ಕ್ರೀನ್ ತಿರುಗಿಸಿ ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಂಗಾದ್ರ ಇಷ್ಟು ವರ್ಷ ನಾ ಸುದ್ದಿ ಬರದಿದ್ದಕ್ಕ ಒಂದು ಪುಟಾನೂ ಇಲ್ಲೇನು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಮರ್ಸ್ ಓದಿದವನಾಗಿ ಹೇಳ್ತೀನಿ ಕೇಳ್ರಿ, ಇಡೀ ರೋಗ ಆ ಒಂದು ಖಾತೆಯಲ್ಲಿದೆ. ತಾಲೂಕು ವರದಿಗಾರನಿಗೆ ಸುದ್ದಿಗೆ ದುಡ್ಡಿಲ್ಲ, ಜಾಹೀರಾತು ತಂದರೆ ಕಮಿಷನ್. ಜಾಹೀರಾತು ಕೊಡೋರು ಯಾರು? ಊರಿನ ಮುಖಂಡ, ಗುತ್ತಿಗೆದಾರ, ಖಾಸಗಿ ಶಾಲೆಯವರು. ನಾಳೆ ಅದೇ ಗುತ್ತಿಗೆದಾರನ ರಸ್ತೆ ಒಂದೇ ಮಳೆಗೆ ಕಿತ್ತುಹೋದರೆ ಕಾಕಾ ಹೆಂಗ ಬರೀಬೇಕು? ಬರೆದರೆ ಮುಂದಿನ ಹಬ್ಬಕ್ಕೆ ಮನೆಯಲ್ಲಿ ಒಲೆ ಹತ್ತಲ್ಲ. ಶಹಾಬಾದ್‌ನ ಹಿರಿಯರು ನೋಡಿದ ಹುಟ್ಟುಹಬ್ಬದ ಪುಟ ಹುಟ್ಟಿದ್ದು ಹಿಂಗ. ಓದುಗನ ಬೇಸರ, ನೌಕರನ ಬಾಕಿ ಪಗಾರ ಅಂತ ಎರಡು ಬೇರೆ ಸಮಸ್ಯೆ ಇಲ್ಲ. ಇರೋದು ಒಂದೇ.

ಈಗ ಆ 'ಸೇವೆ' ಅನ್ನೋ ಮಾತಿಗೆ ಬರೋಣ. ಪತ್ರಿಕೆ ಸೇವೆಯೋ ವ್ಯಾಪಾರವೋ? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿತ್ತು, ಅದೂ ಕನ್ನಡ ಪತ್ರಿಕೆಯಿಂದ. 'ಸಂಯುಕ್ತ ಕರ್ನಾಟಕ', 'ಕರ್ಮವೀರ', 'ಕಸ್ತೂರಿ' ಹೊರತರುವ ಲೋಕ ಶಿಕ್ಷಣ ಟ್ರಸ್ಟ್ 1935ರಲ್ಲಿ ಹುಟ್ಟಿದ್ದು. ಜನರಿಗೆ ಶಿಕ್ಷಣ ಕೊಡೋ ಧರ್ಮಾರ್ಥ ಕೆಲಸ ನಮ್ಮದು, ಆದಾಯ ತೆರಿಗೆ ವಿನಾಯಿತಿ ಬೇಕು ಅಂತ ಟ್ರಸ್ಟ್ ವಾದಿಸಿತು. 1975ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪತ್ರಿಕೆ ಅಚ್ಚು ಹಾಕಿ ಮಾರೋದು ಲಾಭ ತರುವ ಚಟುವಟಿಕೆ, ಅದು ಆ ಕಾನೂನಿನ ಅರ್ಥದಲ್ಲಿ ಶಿಕ್ಷಣ ಆಗಲ್ಲ ಅಂತು. ಆದಾಯ ತೆರಿಗೆ ಓದುವವರು ಇವತ್ತಿಗೂ ಈ ಕೇಸ್ ಓದ್ತಾರೆ. ತೆರಿಗೆಯ ತೀರ್ಪು ಅದು, ಪಗಾರದ್ದಲ್ಲ. ಆದರೂ ನನಗೆ ಅದರಿಂದ ಒಂದು ತಿಳಿಯಿತು. ವ್ಯಾಪಾರ ಅಂದಮೇಲೆ ಪಗಾರ ಅದರ ಖರ್ಚು, ದಾನ ಅಲ್ಲ.

ಪಗಾರದ ಕಾನೂನು ಬೇರೆಯೇ ಇತ್ತು. 1955ರಲ್ಲೇ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ವಾಡಿಯವರಿಗೆ 'ವೇಜ್ ಬೋರ್ಡ್' ಪದ ಬಿಡಿಸಿ ಹೇಳಬೇಕಿಲ್ಲ, ಸಿಮೆಂಟ್ ಉದ್ಯಮಕ್ಕೂ ಹಿಂದೆ ಅದು ಇತ್ತು. ಪತ್ರಿಕೆಗಳಿಗೂ ಹಂಗೇ. ಕೊನೆಯದು ನ್ಯಾಯಮೂರ್ತಿ ಮಜೀಠಿಯಾ ಅವರ ಬೋರ್ಡ್. ಸರ್ಕಾರ 2011ರ ನವೆಂಬರ್ 11ರಂದು ಅದರ ಶಿಫಾರಸು ಅಧಿಸೂಚನೆ ಹೊರಡಿಸಿತು. ಮಾಲೀಕರು ಕೋರ್ಟಿಗೆ ಹೋದರು. 2014ರ ಫೆಬ್ರವರಿ 7ರಂದು ಸುಪ್ರೀಂ ಕೋರ್ಟ್ ಶಿಫಾರಸು ಸರಿ ಅಂತು, ಬಾಕಿಯನ್ನ ಒಂದು ವರ್ಷದೊಳಗೆ ನಾಲ್ಕು ಕಂತಿನಲ್ಲಿ ಕೊಡಿ ಅಂತ ಹೇಳಿತು. ಕೊಡಲಿಲ್ಲ ಅಂತ ದೇಶದ ಬೇರೆ ಬೇರೆ ಕಡೆಯ ನೌಕರರು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದರು. 2017ರ ಜೂನ್ 19ರ ತೀರ್ಪಿನಲ್ಲಿ ಕೋರ್ಟ್ ಯಾರಿಗೂ ನಿಂದನೆಯ ಶಿಕ್ಷೆ ಕೊಡಲಿಲ್ಲ. ಆದರೆ ಗುತ್ತಿಗೆ ನೌಕರರಿಗೂ ಇದು ಅನ್ವಯ ಅಂತ ಸ್ಪಷ್ಟ ಮಾಡಿತು, ಬಾಕಿ ಬೇಕಾದವರು ಕಾರ್ಮಿಕ ಇಲಾಖೆ, ಕಾರ್ಮಿಕ ನ್ಯಾಯಾಲಯದ ದಾರಿ ಹಿಡೀರಿ ಅಂತು.

ಕಾಕಾ ಆ ದಾರಿ ಹಿಡಿಯಬಹುದಿತ್ತೇ? ಕಾಯ್ದೆಯಲ್ಲಿ ಅರೆಕಾಲಿಕ ಪತ್ರಕರ್ತನೂ ಪತ್ರಕರ್ತನೇ. ಷರತ್ತು ಏನಂದರೆ ಪತ್ರಿಕೋದ್ಯಮ ಅವನ ಮುಖ್ಯ ವೃತ್ತಿ ಆಗಿರಬೇಕು. ಕಾಕಾಗೆ ನಾಲ್ಕು ಎಕರೆ ತೊಗರಿ ಹೊಲ ಇತ್ತು, ಮೇಲೆ ಇನ್ಶೂರೆನ್ಸ್ ಪಾಲಿಸಿ ಮಾಡಿಸ್ತಿದ್ದರು. ಪತ್ರಿಕೆ ಪಗಾರ ಕೊಡಲ್ಲ, ಅದಕ್ಕೇ ಬೇರೆ ಕೆಲಸ. ಬೇರೆ ಕೆಲಸ ಇದೆ, ಅದಕ್ಕೇ ಪತ್ರಕರ್ತ ಅಲ್ಲ. ಗಾಣದ ಎತ್ತಿನಂಗ ಅಲ್ಲೇ ಸುತ್ತೋದು. ಕೈಯಲ್ಲಿ ನೇಮಕಾತಿ ಪತ್ರ ಇರಲಿಲ್ಲ, ಇದ್ದದ್ದು ಒಂದು ಐಡಿ ಕಾರ್ಡ್.

ಈಗ ಆ ಕಾಯ್ದೆಯೂ ಇಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು, 1955ರ ಕಾಯ್ದೆ ಅವುಗಳೊಳಗೆ ಕರಗಿತು. ಪತ್ರಿಕೆಗಳಿಗೆ ಅಂತ ಪ್ರತ್ಯೇಕ ವೇಜ್ ಬೋರ್ಡ್ ಹೊಸದರಲ್ಲಿಲ್ಲ, ಇದು ನಷ್ಟ. ನೇಮಕಾತಿ ಪತ್ರ ಕೊಡಬೇಕು ಅಂತ ಇದೆ, ಪತ್ರಕರ್ತ ಅನ್ನೋ ವ್ಯಾಖ್ಯೆಯಲ್ಲಿ ಡಿಜಿಟಲ್‌ನವರೂ ಬಂದಿದ್ದಾರೆ, ಇದು ಲಾಭ. ನ್ಯೂಸ್ ವೆಬ್‌ಸೈಟ್‌ಗೆ, ಚಾನೆಲ್‌ಗೆ ಕೆಲಸಕ್ಕೆ ಸೇರ್ತಿರೋ ತಮ್ಮ ತಂಗಿಯರೇ, ಐಡಿ ಕಾರ್ಡ್ ನೋಡಿ ಖುಷಿಪಡಬ್ಯಾಡ್ರಿ. ಮೊದಲು ನೇಮಕಾತಿ ಪತ್ರ ಕೇಳ್ರಿ.

ಮಾಲೀಕರ ಮಾತೂ ಪೂರ್ತಿ ಸುಳ್ಳಲ್ಲ, ಲೆಕ್ಕ ನಾನೇ ಬರೀತಿದ್ದೆ. 2019ರ ಬಜೆಟ್‌ನಲ್ಲಿ ಆಮದು ನ್ಯೂಸ್‌ಪ್ರಿಂಟ್ ಮೇಲೆ ಶೇ 10 ಸುಂಕ ಬಿತ್ತು, ಮರುವರ್ಷ ಶೇ 5ಕ್ಕೆ ಇಳಿಯಿತು. ಅಷ್ಟರಲ್ಲಿ ಕೊರೊನಾ ಬಂತು, ಪೇಪರ್ ಮುಟ್ಟೋಕೆ ಜನ ಹೆದರಿದರು. ನಮ್ಮಪ್ಪನ ಬಂಡಲ್ ಅರ್ಧಕ್ಕರ್ಧ ಕಡಿಮೆ ಆಯ್ತು, ಆಮೇಲೆ ಮೊದಲಿನಂಗ ಆಗಲೇ ಇಲ್ಲ. ಸರ್ಕಾರಿ ಜಾಹೀರಾತಿನ ಬಿಲ್ ಪಾಸಾಗೋಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಇನ್ನೂ ಹಿಂದಿನ ಕಥೆ ಬೇರೆ. 1999ರಲ್ಲಿ ವಿಜಯ ಸಂಕೇಶ್ವರರ 'ವಿಜಯ ಕರ್ನಾಟಕ' ಕಡಿಮೆ ಬೆಲೆಗೆ, ಊರೂರಿನ ಸುದ್ದಿ ಹೊತ್ತು ಬಂತು. ಓದುಗನಿಗೆ ಹಬ್ಬ. ಆದರೆ ಪೇಪರ್ ಅಂದರೆ ಚಹಾಕ್ಕಿಂತ ಅಗ್ಗ ಇರಬೇಕು ಅನ್ನೋದು ಆಗಿನಿಂದ ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ದೊಡ್ಡ ಬಂಡವಾಳದವರು ತಾಳಿಕೊಂಡರು, ಆ ಪತ್ರಿಕೆಯನ್ನೇ 2006ರಲ್ಲಿ ಟೈಮ್ಸ್ ಗುಂಪು ಕೊಂಡಿತು. ಸಣ್ಣವರಿಗೆ ಉಳಿದದ್ದು ಜಾಹೀರಾತು ಒಂದೇ.

ಓದುಗರೇ ಮಾಲೀಕರಾದರೆ? ಅದನ್ನೂ ಮಾಡಿ ನೋಡಿದ್ದಾರೆ. 1984ರಲ್ಲಿ ಮಂಗಳೂರಿನಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಜನರಿಂದ ಷೇರು ಸಂಗ್ರಹಿಸಿ 'ಮುಂಗಾರು' ಶುರು ಮಾಡಿದರು. ಒಳ್ಳೊಳ್ಳೆ ಪತ್ರಕರ್ತರು ಅಲ್ಲಿ ಬೆಳೆದರು. ದುಡ್ಡಿನ ಕಷ್ಟ ಬಂತು, ಪತ್ರಿಕೆ ಉಳಿಯಲಿಲ್ಲ. ಅಕೌಂಟ್ಸ್‌ನವನಾಗಿ ನಾನು ತಿಳಿಕೊಂಡದ್ದು ಇಷ್ಟು: ಷೇರಿನ ದುಡ್ಡು ಒಮ್ಮೆ ಬರ್ತದೆ, ಪಗಾರ ಪ್ರತಿ ತಿಂಗಳು ಹೋಗ್ತದೆ.

ಹಂಗಾದರೆ ನಾವೇನು ಮಾಡಬೇಕು? ದೊಡ್ಡ ಉಪಾಯ ನನ್ನ ಹತ್ತಿರ ಇಲ್ಲ, ಸಣ್ಣವು ಮೂರು ಇವೆ. ಒಂದು, ನಿಮ್ಮ ಊರಿನ ಪತ್ರಿಕೆಯ ಪಿಡಿಎಫ್ ಗ್ರೂಪಿನಲ್ಲಿ ಫ್ರೀ ಓದೋದು ಬಿಟ್ಟು ಚಂದಾ ಕಟ್ರಿ, ರೀಚಾರ್ಜ್ ಮಾಡಿಸಿದಂಗ. ಎರಡು, ಬೇಸರ ಆದರೆ ಸುಮ್ಮನೆ ಬಿಡಬ್ಯಾಡ್ರಿ. ಜಾಹೀರಾತನ್ನ ಸುದ್ದಿ ಅಂತ ಹಾಕಿದರೆ ಸಂಪಾದಕರಿಗೆ ಬರೀರಿ, ಉತ್ತರ ಬರದಿದ್ದರೆ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ದೂರು ಕೊಡೋ ಹಕ್ಕು ಓದುಗನಿಗಿದೆ. ಮೂರು, ನಿಮ್ಮ ತಾಲೂಕು ವರದಿಗಾರ ಸಿಕ್ಕರೆ ಒಂದು ಪ್ರಶ್ನೆ ಕೇಳ್ರಿ. ನನ್ನ ಸುದ್ದಿ ಯಾಕೆ ಹಾಕಲಿಲ್ಲ ಅಂತ ಎಲ್ಲರೂ ಕೇಳ್ತಾರೆ. ನಿಮಗೆ ಪಗಾರ ಎಷ್ಟು ಕೊಡ್ತಾರ್ರಿ ಅಂತ ನೀವು ಕೇಳ್ರಿ.

ಕಾಕಾ 2021ರಲ್ಲಿ ಬರೆಯೋದು ಬಿಟ್ಟರು. ಹೋದ ತಿಂಗಳು ಅವರ ಹೊಲದ ಬದುವಿನ ಮೇಲೆ ಕೂತು ಮಾತಾಡಿದ್ವಿ. ನೆಟೆ ರೋಗದ ಸುದ್ದಿ ತಡ ಆಯ್ತು ಅಂತ ಹೇಳಿದೆನಲ್ಲ, ಅದನ್ನ ಅವರಿಗೂ ಹೇಳಿದೆ. "ನಾ ಇದ್ದಿದ್ರ ಮೊದಲನೇ ಗಿಡ ಬಾಡಿದಾಗನ ಬರೀತಿದ್ದೆ" ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಈಗ ಚಿಂಚೋಳಿಗೆ ಯಾರ ಬರೀತಾರೋ ನನಗೂ ಗೊತ್ತಿಲ್ಲ" ಅಂದರು.

ನಿಮ್ಮೂರಿಗೆ ಯಾರು ಬರೀತಾರೆ, ನಿಮಗೆ ಗೊತ್ತಾ? ಗೊತ್ತಿದ್ದರೆ ಅವರ ಒಂದು ಒಳ್ಳೆ ಸುದ್ದಿಯ ಬಗ್ಗೆ ವಾಯ್ಸ್ ನೋಟ್ ಮಾಡಿ ನನಗೆ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಗೊತ್ತಿಲ್ಲದಿದ್ದರೆ ಈ ವಾರ ಹುಡುಕಿ ನೋಡ್ರಿ. ಬರ್ತೀನಿ, ಶರಣು.